ಬ್ರೇಕ್ ಹಿಡಿಯುವ ಜಾಗ

ಶ್ರೀಹರಿ ಮೂರು ಜೊತೆ ಬ್ರೇಕ್ ಪ್ಯಾಡುಗಳನ್ನು ಗಾಜಿನ ಕಪಾಟಿನ ಮೇಲೆ ಹರಡಿ, ‘ಮಗನ ಸೈಕಲ್ಲಿಗಾ ಮೇಡಂ?’ ಎಂದು ಕೇಳಿದ. ರುದ್ರಾಣಿ ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ತೆಗೆದು ಅವನ ಮೂಗಿನ ನೇರಕ್ಕೆ ಇಟ್ಟಳು. ಎನ್.ಆರ್. ಕಾಲೋನಿಯ ಈ ಅಂಗಡಿಗೆ ಅವಳು ಸೈಕಲ್ ತುಳಿದುಕೊಂಡೇ ಬಂದಿದ್ದಳು. ಅದನ್ನು ಮೆಟ್ಟಿಲಿಗೆ ಒರಗಿಸಿ ಒಳಗೆ ಬಂದದ್ದನ್ನು ಅವನೇ ನೋಡಿದ್ದ. ನೋಡಿಯೂ ಕೇಳಿದ್ದ. ನಲವತ್ತು ದಾಟಿದ ಹೆಂಗಸು ಸೈಕಲ್ ಅಂಗಡಿಗೆ ಬಂದಳೆಂದರೆ ಮಗನಿಗೋ ಅಣ್ಣನ ಮಗನಿಗೋ ಇರಬೇಕು, ಕಣ್ಣು ಬೇರೆ ಏನು ಹೇಳಿದರೂ ಬಾಯಿಗೆ ಅದೇ ರೂಢಿ. ‘ನಂದೇ’ ಎಂದಳು. ‘ಓ, ನಿಮ್ದಾ’ ಎಂದು ಅವನು ನಕ್ಕು, ಆಮೇಲೆ ಹೇಳಿದ್ದನ್ನೆಲ್ಲ ಅವಳ ಪಕ್ಕದಲ್ಲಿ ಟೈರು ನೋಡುತ್ತಿದ್ದ ಗಡ್ಡದ ಯುವಕನಿಗೆ ಹೇಳಿದ. ಕೇಳಿದವಳು ಇವಳು, ಉತ್ತರ ಗಡ್ಡಕ್ಕೆ. ಕಪ್ಪು ಪ್ಯಾಡು ಮುಟ್ಟಿದರೆ ಸಾಕು ಕಚ್ಚುತ್ತದೆ, ಕ್ಲಬ್ಬುಗಳವರೆಲ್ಲ ಅದನ್ನೇ ಹಾಕುತ್ತಾರೆ. ನೀಲಿಯದು ಮಳೆಗೆ ವಾಸಿ. ಇನ್ನು ಕಾರ್ಕಿನದು ಎಂದವನು ಬಾಟಲಿಯ ಬಿರಡೆ ಕೀಳುವ ಹಾಗೆ ಬೆರಳು ತಿರುಗಿಸಿ ತೋರಿಸಿದ, ಗಡ್ಡ ನಕ್ಕಿತು. ಕಾರ್ಕಿನದು ಬೇಗ ಸವೆಯುತ್ತದೆ, ನಿಧಾನಕ್ಕೆ ಹಿಡಿಯುತ್ತದೆ, ಯಾರೂ ಕೇಳುವುದಿಲ್ಲ, ಹಾಗೇ ಬಿದ್ದಿದೆ.

ರುದ್ರಾಣಿ ಕರವಸ್ತ್ರದ ಗಂಟು ಬಿಚ್ಚಿ ಹಳೆಯ ಪ್ಯಾಡುಗಳನ್ನು ಅವನ ಮುಂದಿಟ್ಟಳು. ಇವು ವಂಶಿ ಕೊಟ್ಟವು. ವಂಶಿ ಅವಳ ಸೈಕಲ್ ಕ್ಲಬ್ಬನ್ನು ನಡೆಸುವವನು. ತಾನು ಹೊಸ ಚಕ್ರ ತರಿಸಿಕೊಂಡು ತನ್ನ ಹಳೆಯ ಕಾರ್ಬನ್ ಚಕ್ರಗಳನ್ನು ಅವಳಿಗೆ ಮಾರುವಾಗ ‘ಪ್ಯಾಡೂ ಇಟ್ಕೊಳ್ಳಿ ಮೇಡಂ, ಇನ್ನೂ ಚೆನ್ನಾಗೇ ಇವೆ’ ಎಂದು ಉದಾರವಾಗಿ ಸೇರಿಸಿದ್ದ. ಮನೆಗೆ ತಂದು ಬೆಳಕಿಗೆ ಹಿಡಿದರೆ ಅವುಗಳ ಮೈತುಂಬ ಮಿಣಮಿಣ. ವಾರವಿಡೀ ಅವನ್ನೇ ಅಲ್ಯೂಮಿನಿಯಂ ಚಕ್ರದ ಮೇಲೆ ಸವೆಸಿ, ಭಾನುವಾರ ಕಾರ್ಬನ್ ಚಕ್ರಕ್ಕೆ ಹೊಂದಿಸಿಕೊಂಡಿದ್ದ ಮಹಾಶಯ. ಲೋಹದ ಚೂರುಗಳು ರಬ್ಬರಿನಲ್ಲಿ ಹುದುಗಿ ಕೂತಿದ್ದವು. ಕಾರ್ಬನ್ ಚಕ್ರ ಲೋಹವಲ್ಲ. ಅದು ಬಟ್ಟೆ: ಕಪ್ಪು ನೂಲಿನಲ್ಲಿ ನೇಯ್ದು, ಅಂಟು ಕುಡಿಸಿ, ಕಲ್ಲಿನಂತೆ ಗಟ್ಟಿ ಮಾಡಿದ ಬಟ್ಟೆ. ಚಕ್ರಗಳು ಮನೆಗೆ ಬಂದ ದಿನ ಅಣ್ಣ ಬಸವಪ್ರಭು, ಕಾಟನ್‌ಪೇಟೆಯಲ್ಲಿ ಸಗಟು ಬಟ್ಟೆ ಅಂಗಡಿ ಇಟ್ಟವನು, ರಿಮ್ಮಿನ ಮೇಲೆ ಹೆಬ್ಬೆರಳು ಸವರಿ ಮೆರುಗಿನ ಕೆಳಗಿನ ಓರೆಗೆರೆಯ ನೇಯ್ಗೆಯನ್ನು ನೋಡಿ ‘ಟ್ವಿಲ್ಲು’ ಅಂದಿದ್ದ. ಅವನು ಅವಳ ಸೈಕಲ್ಲಿನ ಬಗ್ಗೆ ಆಡಿದ ಮಾತುಗಳಲ್ಲಿ ಬೈಗುಳವಲ್ಲದ್ದು ಅದೊಂದೇ. ಆ ನೇಯ್ಗೆಯನ್ನು ಲೋಹದ ಚೂರು ಗೀರುತ್ತದೆ, ಬಿಸಿ ಆ ಅಂಟನ್ನು ಮೆತ್ತಗೆ ಮಾಡುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಚಕ್ರ ಮೆತ್ತಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ‘ಏನಾಗಲ್ಲ ಮೇಡಂ, ಸ್ಯಾಂಡ್‌ಪೇಪರ್ ಹೊಡ್ಕೊಂಡ್ರೆ ಸಾಕು’ ಎಂದ ಶ್ರೀಹರಿ, ಈ ಸಲ ಪುಣ್ಯಕ್ಕೆ ಅವಳ ಕಡೆಗೆ ತಿರುಗಿಯೇ.

ಕಚ್ಚುವ ಪ್ಯಾಡು ಬೇಡ. ಇದು ಅವಳಿಗೆ ಅಂಗಡಿಗೆ ಬರುವ ಮೊದಲೇ ಗೊತ್ತಿತ್ತು, ಆದರೂ ಕಪ್ಪು ಪ್ಯಾಡನ್ನು ಕೈಗೆತ್ತಿಕೊಂಡು ಉಗುರಿನಿಂದ ಒತ್ತಿ ನೋಡಿದಳು, ಉಗುರು ಇಳಿಯಲಿಲ್ಲ. ಕಚ್ಚುವುದೆಂದರೆ ಏನೆಂದು ಅವಳ ಎಡಗಡೆಯ ಕೊರಳೆಲುಬು ಬಲ್ಲದು. ಹೋದ ವರ್ಷ ನಂದಿಬೆಟ್ಟದಿಂದ ಇಳಿಯುವಾಗ, ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ಒಂದು ತಿರುವಿನಲ್ಲಿ ಕೋತಿ ಅಡ್ಡ ಬಂತು, ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದ ಕೋತಿ, ಅವಳು ಬ್ರೇಕ್ ಹಿಡಿದಳು, ಹಿಂದೆ ಅಂಟಿಕೊಂಡು ಬರುತ್ತಿದ್ದ ಆರಾಧನಾ ಬಂದು ಗುದ್ದಿದಳು. ರುದ್ರಾಣಿಯ ಮೂಳೆ ಮುರಿಯಿತು. ಆರಾಧನಾಳ ಮುಂದಿನ ಎರಡು ಹಲ್ಲು ಹೋದವು, ಮದುವೆಗೆ ನೋಡುತ್ತಿದ್ದ ಹುಡುಗಿ. ಕೋತಿಗೆ ಏನೂ ಆಗಲಿಲ್ಲ. ಕ್ಲಬ್ಬಿನಲ್ಲಿ ಆ ಕೋತಿಯನ್ನು ಯಾರೂ ನೋಡಿರಲಿಲ್ಲ. ‘ಆಂಟಿ ಬ್ರೇಕ್ ಹಿಡಿದ್ಬಿಟ್ರು’ ಎಂಬ ಮಾತು ಮಾತ್ರ ಉಳಿಯಿತು. ಯಾರಾದರೂ ಸುಮ್ಮಸುಮ್ಮನೆ ಹಿಂಜರಿದರೆ ‘ಏನ್ ಗುರು, ಆಂಟಿ ಬ್ರೇಕಾ?’ ಎನ್ನುವುದು ಅಲ್ಲಿ ಈಗಲೂ ನಡೆಯುತ್ತದೆ, ಅವಳ ಕಿವಿಗೂ ಬಿದ್ದಿದೆ. ಆರಾಧನಾಳ ತಾಯಿ ಫೋನು ಮಾಡಿ, ಬೈಯದೆ, ತುಂಬ ಮರ್ಯಾದೆಯಿಂದ, ‘ನೀವು ನಮ್ಮ ವಯಸ್ಸಿನೋರು, ಮಕ್ಕಳ ಮಧ್ಯ ಯಾಕೆ ಹೋಗ್ತೀರಿ?’ ಎಂದು ಕೇಳಿದ್ದರು. ಬೈದಿದ್ದರೆ ವಾಸಿಯಿತ್ತು.

ಆದರೆ ನಿಜವೇನು? ಕೋತಿಯನ್ನು ಕಂಡು ಬ್ರೇಕ್ ಹಿಡಿದಳೋ, ಹಿಡಿದ ಮೇಲೆ ಕೋತಿ ಕಂಡಿತೋ? ವರ್ಷದುದ್ದಕ್ಕೂ ಅವಳು ಆ ತಿರುವನ್ನು ಬ್ಯಾಂಕಿನ ಕುರ್ಚಿಯಲ್ಲಿ, ಸ್ನಾನದ ಮನೆಯಲ್ಲಿ, ಚಾಮರಾಜಪೇಟೆಯ ತನ್ನ ಮಹಡಿ ಕೋಣೆಯ ಮಂಚದಲ್ಲಿ ಮತ್ತೆ ಮತ್ತೆ ಇಳಿದಿದ್ದಳು. ಒಂದು ಸಲ ಕೋತಿ ಮೊದಲು ಬರುತ್ತಿತ್ತು, ಇನ್ನೊಂದು ಸಲ ಬೆರಳು ಮೊದಲು ಬಿಗಿಯುತ್ತಿತ್ತು. ಒಂದಂತೂ ಖಂಡಿತ: ಆ ತಿರುವಿಗಿಂತ ಬಹಳ ಮೇಲಿನಿಂದಲೇ ಅವಳು ಬ್ರೇಕನ್ನು ಎಳೆದುಕೊಂಡೇ ಬಂದಿದ್ದಳು. ಹಿಂದೆ ಬರುವವರ ಉಸಿರಿಗೆ ಹೆದರಿ, ಇಳಿಜಾರಿಗೆ ಹೆದರಿ, ಹೆದರಿದ್ದು ಯಾರಿಗಾದರೂ ಗೊತ್ತಾದೀತೆಂದು ಹೆದರಿ. ಹಾಗೆ ಎಳೆದೆಳೆದು ಹಿಡಿದರೆ ಕಾರ್ಬನ್ ಚಕ್ರ ಸಹಿಸುವುದಿಲ್ಲ, ಬಿಸಿಯಾಗುತ್ತದೆ. ಗಟ್ಟಿಯಾಗಿ ಹಿಡಿಯಬೇಕು, ಬಿಟ್ಟುಬಿಡಬೇಕು, ಚಕ್ರವನ್ನು ಗಾಳಿಗೆ ಒಪ್ಪಿಸಬೇಕು, ಮುಂದಿನ ತಿರುವಿಗೆ ಮತ್ತೆ ಹಿಡಿಯಬೇಕು. ಬಿಡಲು ಬಾರದವರಿಗೆ ಆ ಚಕ್ರ ಅಲ್ಲ. ಅದಕ್ಕೇ ಅವಳಿಗೆ ಆ ಚಕ್ರ ಬೇಕಾಗಿತ್ತು, ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುವಂತಿರಲಿಲ್ಲ, ಹಾಗಾಗಿ ಕೇಳಿದವರಿಗೆಲ್ಲ ‘ಬೇಕಿತ್ತು, ತಗೊಂಡೆ’ ಎಂದಿದ್ದಳು.

‘ಕಾರ್ಕ್ ಕೊಡಿ’ ಎಂದಳು. ‘ಮೇಡಂ, ಅದು...’ ಎಂದ ಶ್ರೀಹರಿ. ‘ನಿಧಾನಕ್ಕೆ ಹಿಡಿಯತ್ತೆ. ಹೇಳಿದ್ರಿ. ನಾನು ಎಷ್ಟು ಹೇಳ್ತೀನೋ ಅಷ್ಟೇ ಕೇಳೋ ಬ್ರೇಕು ಬೇಕು ನನಗೆ. ಕಚ್ಚೋದು ಬೇಡ.’ ಅವನು ಗಡ್ಡದ ಕಡೆ ನೋಡಿದ, ಗಡ್ಡ ಟೈರಿನ ಕಡೆ ನೋಡಿತು. ಪೊಟ್ಟಣದ ಮೇಲಿನ ಧೂಳನ್ನು ಅವನು ಒರೆಸಿದ್ದೂ ಒಂದು ಬಗೆಯ ಟೀಕೆಯಂತೆ ಇತ್ತು. ಹೊರಗೆ ಬಂದು ಸೈಕಲ್ ಹತ್ತುವಷ್ಟರಲ್ಲಿ ಫೋನು ಬಂತು, ವಂಶಿ. ನಾಳಿದ್ದು ವಿಜಯದಶಮಿ, ಕ್ಲಬ್ಬಿನವರೆಲ್ಲ ನಂದಿಗೆ, ನಸುಕಿಗೆ ಮಿನರ್ವ ಸರ್ಕಲ್ ಹತ್ತಿರ ವ್ಯಾನು, ಗೊತ್ತಲ್ಲ. ಗೊತ್ತು. ‘ಆಮೇಲೆ ಮೇಡಂ, ಒಂದು ಮಾತು. ಹತ್ತೋದು ಎಲ್ಲರ ಜೊತೆ ಹತ್ತಿ. ಇಳಿಯೋವಾಗ ಮಾತ್ರ ವ್ಯಾನಲ್ಲಿ ಬಂದ್ಬಿಡಿ. ಕಾರ್ಬನ್ ಬೇರೆ ಹಾಕ್ತಿದೀರಿ. ಎಲ್ಲರ ಸೇಫ್ಟಿಗೇ ಹೇಳ್ತಿರೋದು.’ ಮಾರುವಾಗ ಈ ಸೇಫ್ಟಿ ಎಲ್ಲಿ ಹೋಗಿತ್ತು ಎಂದು ಕೇಳಬಹುದಿತ್ತು. ಕೇಳದೆ, ‘ನೋಡೋಣ ವಂಶಿ’ ಎಂದಳು, ಹಾಗೆಂದ ತನ್ನ ಮೆತ್ತನೆಯ ದನಿಯನ್ನು ಕೇಳಿಸಿಕೊಂಡು ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಗಾಂಧಿಬಜಾರು ಬೂದುಗುಂಬಳಕಾಯಿಯ ರಾಶಿಗಳಿಂದ ತುಂಬಿತ್ತು. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಹಾರ ಅಳೆದು ಕೊಡುವ ಮೊಳಗೈಗಳು. ನಾಳೆ ಆಯುಧಪೂಜೆ. ಅವಳ ಮನೆಯಲ್ಲೂ ನಡುಮನೆಯಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸುತ್ತಾರೆ: ಅಜ್ಜನ ಕಾಲದ ಕಬ್ಬಿಣದ ಗಜಕಡ್ಡಿ, ಅಂಗಡಿಯ ದೊಡ್ಡ ಕತ್ತರಿ, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ಅಣ್ಣನ ಸ್ಕೂಟರಿನ ಕೀಲಿಕೈ. ಹೊರಗೆ ಕಾರು. ಎಲ್ಲಕ್ಕೂ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಹೂವು. ಅವಳ ಸೈಕಲ್ಲು ಓಣಿಯಲ್ಲಿ, ಕರೆಂಟಿನ ಮೀಟರಿನ ಕೆಳಗೆ, ಪೊರಕೆಯ ಪಕ್ಕದಲ್ಲಿ ನಿಂತಿರುತ್ತದೆ. ಮೊದಲ ವರ್ಷ ಅವಳು ಕೇಳಿಯೂ ಇದ್ದಳು. ‘ಅದು ಆಟದ ಸಾಮಾನು ಕಣೇ, ಆಯುಧ ಅಲ್ಲ’ ಅಂದಿದ್ದ ಅಣ್ಣ, ಅದರಲ್ಲಿ ಅವನಿಗೆ ಕುಹಕವೂ ಇರಲಿಲ್ಲ, ಸುಮ್ಮನೆ ವಿಂಗಡಿಸಿದ್ದ, ಬಟ್ಟೆ ವಿಂಗಡಿಸಿದ ಹಾಗೆ. ತೆಂಗಿನಕಾಯಿ ತುರಿಯುವುದು ಆಯುಧ, ಇದು ಆಟ. ಹದಿನಾರನೇ ವಯಸ್ಸಿನಲ್ಲಿ ಅವಳು ಅಣ್ಣನ ಗಂಡು ಸೈಕಲ್ಲನ್ನು ಕದ್ದು ಉಮಾ ಟಾಕೀಸಿನ ರಸ್ತೆಯಲ್ಲಿ ಲಾರಿಯ ಜೊತೆ ಪಂದ್ಯ ಕಟ್ಟಿದಾಗ ಅಪ್ಪ ಹೊಡೆಯಲಿಲ್ಲ, ‘ಅಂಗಡಿಗೆ ಬರೋರು ಕೇಳ್ತಾರೆ’ ಎಂದಷ್ಟೇ ಹೇಳಿ ಮಾರನೆಯ ದಿನ ಸೈಕಲ್ಲನ್ನು ಅಂಗಡಿಯ ಹಮಾಲನಿಗೆ ಕೊಟ್ಟುಬಿಟ್ಟರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳಷ್ಟೇ. ರುದ್ರಾಣಿ ಗಂಡನ ಮನೆ ಬಿಟ್ಟು ಬಂದು ಬ್ಯಾಂಕಿನ ಕೆಲಸ ಹಿಡಿದಾಗಲೂ, ಸೈಕಲ್ ತಂದು ಓಣಿಯಲ್ಲಿ ನಿಲ್ಲಿಸಿದಾಗಲೂ, ಆಸ್ಪತ್ರೆಯಿಂದ ಕೈಗೆ ಜೋಳಿಗೆ ಕಟ್ಟಿಕೊಂಡು ಬಂದಾಗಲೂ ಅವಳು ಏನೂ ಹೇಳಲಿಲ್ಲ.

ಸಂಜೆ ಓಣಿಯಲ್ಲಿ ಕೂತು ರುದ್ರಾಣಿ ಪ್ಯಾಡು ಕೂರಿಸಿದಳು. ಹಳೆಯದನ್ನು ಅದರ ಗೂಡಿನಿಂದ ಜಾರಿಸಿ ತೆಗೆದು, ಹೊಸದಕ್ಕೆ ಸ್ವಲ್ಪ ನೀರು ಮುಟ್ಟಿಸಿ ಒಳಗೆ ತಳ್ಳಿ, ಚಿಕ್ಕ ತಿರುಪು ಬಿಗಿದಳು. ಪ್ಯಾಡಿನ ಮುಂದಿನ ತುದಿ ರಿಮ್ಮನ್ನು ಕೂದಲೆಳೆಯಷ್ಟು ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಕಿರುಚುತ್ತದೆ. ಅದಕ್ಕೆ ಅಣ್ಣನ ಅಂಗಡಿಯ ಕಾರ್ಡೊಂದನ್ನು ಮಡಿಸಿ ಹಿಂದಿನ ತುದಿಗೆ ಸಿಕ್ಕಿಸಿ ಬ್ರೇಕಿನ ಹಿಡಿ ಅದುಮಿದಳು. ಕೊಟ್ಟೂರೇಶ್ವರ ಟೆಕ್ಸ್‌ಟೈಲ್ಸ್ ಎಂಬ ಅಕ್ಷರ ಅರ್ಧ ಮಡಿಕೆಯಲ್ಲಿ ಹೋಯಿತು. ಅಣ್ಣ ಬಂದು ಚಪ್ಪಲಿ ಬಿಡುತ್ತ, ‘ನಾಳಿದ್ದು ಹೋಗ್ತೀಯಾ ಮತ್ತೆ? ಮೂಳೆ ಕೂಡಿದ್ದು ಮೊನ್ನೆ’ ಎಂದ. ‘ಹೋಗ್ತೀನಿ.’ ‘ಇಳಿಯೋದು ಹೆಂಗೆ?’ ‘ಇಳಿಯೋದೂ ಸೈಕಲ್ಲಲ್ಲೇ.’ ಈ ಮಾತು ಒಳಗೆ ಹೂ ಕಟ್ಟುತ್ತಿದ್ದ ತಾಯಿ ದಾಕ್ಷಾಯಣಮ್ಮನಿಗೂ ಕೇಳಿಸಿರಬೇಕು. ಅಮ್ಮನ ಕೈ ಒಂದು ಗಳಿಗೆ ನಿಂತದ್ದು ರುದ್ರಾಣಿಗೆ ಓಣಿಯಿಂದಲೇ ಕಂಡಿತು. ಆಮೇಲೆ ಅವಳು ಹೊಸ ಪ್ಯಾಡು ರಿಮ್ಮಿಗೆ ಹೊಂದಿಕೊಳ್ಳಲೆಂದು ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಸುತ್ತಿದಳು, ತುಳಿದು, ಹಿಡಿದು, ಬಿಟ್ಟು, ಮತ್ತೆ ತುಳಿದು. ಕಾರ್ಕು ಸದ್ದು ಮಾಡಲಿಲ್ಲ. ಬೆರಳಿನಲ್ಲಿ ಎಷ್ಟು ಒತ್ತಿದರೆ ಅಷ್ಟೇ, ಒಂದು ಗುಲಗಂಜಿ ಹೆಚ್ಚಿಲ್ಲ. ಬಹಳ ದಿನಗಳ ಮೇಲೆ ಯಾರೋ ತನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಂತೆ ಅವಳಿಗೆ ಹಿಗ್ಗಾಯಿತು, ಮನೆಗೆ ಬಂದು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ರಿಮ್ಮನ್ನು ಒರೆಸಿ ಮಲಗಿದಳು.

ಮರುದಿನ ಅಂಗಡಿಯ ಪೂಜೆಗೆ ರುದ್ರಾಣಿ ಅಣ್ಣ-ಅತ್ತಿಗೆಯರ ಜೊತೆ ಕಾಟನ್‌ಪೇಟೆಗೆ ಹೋಗಿ, ಬೀದಿಯಲ್ಲಿ ಒಡೆದ ಕುಂಬಳಕಾಯಿಗಳನ್ನು ದಾಟಿಕೊಂಡು, ಕಡಲೆಪುರಿಯ ಪೊಟ್ಟಣಗಳೊಂದಿಗೆ ವಾಪಸು ಬಂದಾಗ ಓಣಿ ಖಾಲಿಯಿತ್ತು. ಪೊರಕೆ ಮಾತ್ರ ಇತ್ತು. ಸೈಕಲ್ಲು ನಡುಮನೆಯಲ್ಲಿ, ಹೊಲಿಗೆ ಯಂತ್ರಕ್ಕೂ ಗಜಕಡ್ಡಿಗೂ ನಡುವೆ, ಗೋಡೆಗೆ ಒರಗಿ ನಿಂತಿತ್ತು. ಎರಡು ಚಕ್ರಗಳ ಕೆಳಗೂ ನಿಂಬೆಹಣ್ಣು. ಹ್ಯಾಂಡಲ್ಲಿಗೆ ಸೇವಂತಿಗೆ. ಕಪ್ಪು ರಿಮ್ಮುಗಳ ಮೇಲೆ, ಎರಡೂ ಬದಿ, ಸುತ್ತಲೂ, ನೆನೆಸಿದ ವಿಭೂತಿಯ ಮೂರು ಮೂರು ಪಟ್ಟೆಗಳು, ಮೂರು ಬೆರಳಿನ ಅಗಲಕ್ಕೆ, ಒಣಗಿ ಬೆಳ್ಳಗೆ ಎದ್ದು ಕಾಣುತ್ತಿದ್ದವು, ಪ್ರತಿಯೊಂದರ ನಡುವೆ ಕುಂಕುಮ. ಎಪ್ಪತ್ತು ದಾಟಿದ ಅಮ್ಮ ಒಬ್ಬಳೇ ಅದನ್ನು ಹೊಸಿಲು ದಾಟಿಸಿ, ನೆಲದ ಮೇಲೆ ಕೂತು, ಚಕ್ರವನ್ನು ಒಂದಿಷ್ಟೊಂದಿಷ್ಟು ತಿರುಗಿಸುತ್ತ ಹಚ್ಚಿದ್ದಳು. ಹಚ್ಚಿದ್ದು ಎಲ್ಲಿ? ನಯವಾಗಿ, ಅಗಲವಾಗಿ, ಹಚ್ಚಿಸಿಕೊಳ್ಳಲೆಂದೇ ಮಾಡಿದಂತಿರುವ ಜಾಗದಲ್ಲಿ, ಪ್ಯಾಡು ಹಿಡಿಯುವ ಪಟ್ಟಿಯ ಮೇಲೆಯೇ. ಬೂದಿಯ ನುಣುಪು ಪ್ಯಾಡನ್ನು ಜಾರಿಸುತ್ತದೆ, ಬೂದಿಯ ಕಣ ನೇಯ್ಗೆಯನ್ನು ಉಜ್ಜುತ್ತದೆ. ಪ್ಯಾಡುಗಳ ಸಂದಿಯಲ್ಲೂ ಕೂತಿತ್ತು.

ರುದ್ರಾಣಿಗೆ ಅಳು ಬಂತು. ಸಂತೋಷಕ್ಕೇ ಬಂತು, ಅದನ್ನು ಮುಚ್ಚಿಡುವುದೇನೂ ಇಲ್ಲ. ಕೊನೆಗೂ ಒಳಗೆ ಬಂತಲ್ಲ ಎಂದು, ಕತ್ತರಿಯ ಸಾಲಿನಲ್ಲಿ, ಗಜಕಡ್ಡಿಯ ಪಕ್ಕದಲ್ಲಿ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಅಳುವನ್ನು ಅಲ್ಲೇ ತಡೆಯಿತು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಸ್ನಾನವಾಗಿ, ಮರುಪೂಜೆಯಾಗಿ, ಅಣ್ಣ ಗಜಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ಎತ್ತುವ ತನಕ ಯಾರೂ ಮುಟ್ಟುವಂತಿಲ್ಲ. ಆ ಒಂದು ದಿನ ಈ ಮನೆಯಲ್ಲಿ ಮಿಕ್ಸಿ ತಿರುಗುವುದಿಲ್ಲ, ಕಾಯಿ ತುರಿಯುವುದಿಲ್ಲ, ಅದಕ್ಕೇ ಹಿಂದಿನ ದಿನವೇ ಹೂರಣ ರುಬ್ಬಿಟ್ಟುಕೊಳ್ಳುತ್ತಾರೆ. ಮರುಪೂಜೆ ಆಗುವಷ್ಟರಲ್ಲಿ ಬಿಸಿಲೇರಿರುತ್ತದೆ. ವ್ಯಾನು ನಸುಕಿಗೇ ಹೋಗಿರುತ್ತದೆ. ಇಷ್ಟು ವರ್ಷ ಹೊರಗಿದ್ದದ್ದು ಈ ವರ್ಷವೇ, ಈ ದಿನವೇ ಒಳಗೆ ಬಂದದ್ದು ಯಾಕೆ? ‘ಅತ್ತೆಗೆ ಈ ಸಲ ಏನನ್ನಿಸ್ತೋ’ ಎಂದರು ಅತ್ತಿಗೆ, ಎಲೆ ಹಾಕುತ್ತ. ದಾಕ್ಷಾಯಣಮ್ಮ ಹೋಳಿಗೆಗೆ ತುಪ್ಪ ಹಾಕುತ್ತಿದ್ದಳು, ಮಗಳ ಕಡೆ ನೋಡಲಿಲ್ಲ. ಮರ್ಯಾದೆ ಮಾಡಿ ಕಟ್ಟಿಹಾಕುವುದು ಈ ಮನೆಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ರುದ್ರಾಣಿಯ ಮದುವೆಯನ್ನೂ ಹೀಗೇ, ಬೆಳ್ಳಿ ತಟ್ಟೆಯಲ್ಲಿಟ್ಟು ಮಾಡಿದ್ದರು. ಅವಳು ಹೋಳಿಗೆ ತಿಂದಳು. ರುಚಿಯಾಗಿಯೇ ಇತ್ತು, ಅದಕ್ಕೂ ಸಿಟ್ಟು ಬಂತು.

ನಸುಕಿಗೆ ಅವಳು ಕೆಳಗಿಳಿದು ಬಂದಾಗ ನಡುಮನೆಯ ದೀಪ ಉರಿಯುತ್ತಿತ್ತು. ಅಮ್ಮ ಮಿಂದು, ಹಣೆಗೆ ವಿಭೂತಿ ಧರಿಸಿ, ಆಯುಧಗಳ ಸಾಲಿನ ಎದುರು ಮಣೆ ಹಾಕಿಕೊಂಡು ಕೂತಿದ್ದಳು, ಕಾವಲಿಗೆ ಕೂತವಳಂತೆ. ರುದ್ರಾಣಿಯ ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಸ್ಪಿರಿಟ್ ಬಾಟಲಿ.

‘ಪೂಜೆಗಿಟ್ಟಿದ್ದನ್ನ ಮುಟ್ಬಾರ್ದು’ ಎಂದಳು ಅಮ್ಮ.

‘ಮುಟ್ತೀನಿ.’

‘ನಿಮ್ಮಪ್ಪ ಇದ್ದಿದ್ರೆ...’

‘ಅಪ್ಪ ಇದ್ದಿದ್ರೆ ಸೈಕಲ್ಲೇ ಇರ್ತಿರಲಿಲ್ಲಮ್ಮ. ಹಮಾಲನ ಮನೇಲಿರ್ತಿತ್ತು.’ ರುದ್ರಾಣಿ ಮಂಡಿಯೂರಿ ಕೂತು ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿದಳು. ‘ಒಂದು ಕೇಳ್ತೀನಿ, ನಿಜ ಹೇಳು. ಇವತ್ತು ಹೋಗ್ತೀನಿ ಅಂತ ಗೊತ್ತಿದ್ದೇ ಒಳಗಿಟ್ಯಾ?’

ಅಮ್ಮ ದೀಪದ ಬತ್ತಿ ಸರಿಮಾಡಿದಳು. ‘ಗೊತ್ತಿತ್ತು. ನೀನು ಮತ್ತೆ ಜೋಳಿಗೆ ಕಟ್ಕೊಂಡು ಬರೋದನ್ನ ನೋಡೋಕ್ಕೆ ನನ್ನ ಕೈಲಾಗಲ್ಲ. ಅದಕ್ಕೂ ಇಟ್ಟೆ. ಪ್ರತಿ ವರ್ಷ ಪೊರಕೆ ಹತ್ರ ನಿಂತಿರ್ತಿತ್ತಲ್ಲ, ಅದು ನನ್ನ ಕಣ್ಣಿಗೆ ಚುಚ್ತಿತ್ತು. ಅದಕ್ಕೂ ಇಟ್ಟೆ. ಎರಡೂ ನಿಜ.’

ಎರಡೂ ನಿಜ ಎಂದರೆ ಯಾವುದರ ಮೇಲೆ ಸಿಟ್ಟಾಗಬೇಕು? ಕೋತಿಯೂ ನಿಜ, ಹೆದರಿಕೆಯೂ ನಿಜ ಎಂದು ತಾನು ಒಂದು ಸಲವಾದರೂ ಯಾರ ಹತ್ತಿರವಾದರೂ ಹೀಗೆ ನೇರವಾಗಿ ಹೇಳಿದ್ದುಂಟೇ ಎಂದು ರುದ್ರಾಣಿಗೆ ಅನ್ನಿಸಿತು. ಆದರೂ ಅವಳು ಬಟ್ಟೆಯನ್ನು ಹಿಂಡಿ ಮೊದಲ ಪಟ್ಟೆಯ ಮೇಲೆ ಇಟ್ಟಳು. ಒಣಗಿದ ವಿಭೂತಿ ಸುಲಭವಾಗಿ ಬಿಡಲಿಲ್ಲ. ನೀರು ತಾಗಿ ಒಂದು ಕ್ಷಣ ಇನ್ನೂ ಗಾಢವಾಗಿ ವಾಸನೆ ಹೊಡೆದು, ಆಮೇಲೆ ಬೂದು ನೀರಾಗಿ ಹರಿಯಿತು. ಅಮ್ಮನ ಕಣ್ಣ ಮುಂದೆಯೇ ಒರೆಸುತ್ತಿದ್ದಳು, ಬೇಕೆಂದೇ, ತಿರುಗಿ ಕೂರಬಹುದಿತ್ತು, ಕೂರಲಿಲ್ಲ. ಕದ್ದು ಸೈಕಲ್ ತುಳಿದ ವಯಸ್ಸು ದಾಟಿ ಹೋಗಿತ್ತು. ‘ಒಂದು ಗೆರೆನಾದ್ರೂ ಬಿಡೇ’ ಎಂದಳು ಅಮ್ಮ, ಮೊದಲ ಸಲ ಬೇಡುವ ದನಿಯಲ್ಲಿ. ರುದ್ರಾಣಿಯ ಕೈ ನಿಂತಿತು. ಒಂದು ಗೆರೆ, ಹಿಂದಿನ ಚಕ್ರದಲ್ಲಿ, ಯಾರಿಗೆ ಏನು ನಷ್ಟ? ಬಿಟ್ಟುಬಿಟ್ಟರೆ ಅಮ್ಮನಿಗೆ ಸಮಾಧಾನ, ಮನೆಗೆ ಸಮಾಧಾನ. ಹೀಗೆ ಒಂದೊಂದು ಗೆರೆ ಬಿಟ್ಟು ಬಿಟ್ಟೇ ಅವಳು ಇಲ್ಲಿಯವರೆಗೆ ಬಂದಿದ್ದಳು.

‘ಇಲ್ಲಮ್ಮ’ ಎಂದಳು. ‘ಇದು ಬ್ರೇಕ್ ಹಿಡಿಯೋ ಜಾಗ. ಇಲ್ಲಿ ಒಂದು ಗೆರೇನೂ ಇರ್ಬಾರ್ದು. ನೀನು ಹಚ್ಚಿದ್ದು ತಪ್ಪಲ್ಲ, ಇಲ್ಲಿ ಹಚ್ಚಿದ್ದು ತಪ್ಪು.’

ಅಮ್ಮ ಕಪ್ಪು ರಿಮ್ಮನ್ನೊಮ್ಮೆ ನೋಡಿದಳು. ಎದ್ದು ಒಳಗೆ ಹೋದಳು. ಅಣ್ಣನನ್ನು ಎಬ್ಬಿಸಲು ಹೋದಳೆಂದು ರುದ್ರಾಣಿ ಹಲ್ಲು ಕಚ್ಚಿಕೊಂಡು ಇನ್ನೂ ಜೋರಾಗಿ ಉಜ್ಜಿದಳು. ಪ್ಯಾಡುಗಳನ್ನು ಗೂಡಿನಿಂದ ಬಿಡಿಸಿ, ಒರೆಸಿ, ಮತ್ತೆ ಕೂರಿಸುತ್ತಿದ್ದಾಗ ಅಮ್ಮ ಒಣ ಬಟ್ಟೆಯೊಂದನ್ನು ತಂದು ಅವಳ ಪಕ್ಕದಲ್ಲಿ ಹಾಕಿದಳು, ಅಂಗಡಿಯ ಹೊಸ ಮಲ್ಲಿನ ತುಂಡು. ಸೀಟನ್ನು ಹಿಡಿದು ಹಿಂದಿನ ಚಕ್ರ ನೆಲದಿಂದ ಏಳುವಷ್ಟು ಎತ್ತಿದಳು. ಚಕ್ರ ಸಲೀಸಾಗಿ ತಿರುಗಿತು, ರುದ್ರಾಣಿ ಬಟ್ಟೆ ಹಿಡಿದಳು. ‘ಹಗುರ ಐತಲ್ಲೇ’ ಎಂದಳು ದಾಕ್ಷಾಯಣಮ್ಮ ತನ್ನ ತೌರಿನ ಮಾತಿನಲ್ಲಿ, ತನಗೆ ತಾನೇ.

ನಂದಿಯನ್ನು ಹತ್ತುವುದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಹತ್ತುವಾಗ ಅವಳನ್ನು ಯಾರೂ ಯಾವತ್ತೂ ಆಡಿಕೊಂಡಿರಲಿಲ್ಲ, ತುದಿ ಮುಟ್ಟಿದಾಗ ಅರ್ಧಕ್ಕಿಂತ ಹೆಚ್ಚು ಗಂಡಸರು ಅವಳ ಹಿಂದಿದ್ದರು. ಮೇಲೆ ಗಾಳಿ ಜೋರಾಗಿತ್ತು. ವ್ಯಾನಿನ ಬಾಗಿಲು ಆಗಲೇ ತೆರೆದಿತ್ತು, ಚಾಲಕ ಮಾಯಣ್ಣ ಅವಳ ಸೈಕಲ್ಲನ್ನು ಇಡಲು ಜಾಗ ಮಾಡಿಕೊಂಡು ಕಾಯುತ್ತಿದ್ದ. ‘ಬನ್ನಿ ಮೇಡಂ, ಹಿಡಿದುಕೊಳ್ತೀನಿ’ ಎಂದು ವಂಶಿ ಹ್ಯಾಂಡಲ್ಲಿಗೆ ಕೈ ಹಾಕಿದ. ಅವನ ಕಣ್ಣು ಪ್ಯಾಡಿನ ಮೇಲೆ ಬಿತ್ತು. ‘ಕಾರ್ಕಾ? ಯಾರ್ ಮೇಡಂ ಇದನ್ನ ಕೊಟ್ಟಿದ್ದು?’

‘ನಾನೇ ಕೇಳಿ ತಗೊಂಡೆ. ಕೈ ತೆಗಿ ವಂಶಿ.’

ಅವನು ಕೈ ತೆಗೆಯದೆ ಇತರರ ಕಡೆ ನೋಡಿ ನಕ್ಕ. ‘ಮೇಡಂ, ನಾವು ಮಾತಾಡಿದ್ವಲ್ಲ.’

‘ನೀನು ಮಾತಾಡಿದೆ. ನಾನು ನೋಡೋಣ ಅಂದೆ. ಈಗ ನೋಡಿದೆ. ಇಳೀತೀನಿ.’

ಇದುವರೆಗೆ ವಂಶಿಯನ್ನು ಅವಳು ಏಕವಚನದಲ್ಲಿ ಕರೆದಿರಲಿಲ್ಲ. ಅವನ ಕೈ ಅದಕ್ಕೇ ಸಡಿಲವಾಯಿತೋ ಏನೋ. ಸುತ್ತ ನಿಂತವರಲ್ಲಿ ಯಾರೋ ‘ಆಂಟಿ ಬ್ರೇಕು’ ಎಂದು ಪಿಸುಗುಟ್ಟಿದ್ದು ಗಾಳಿಯಲ್ಲಿ ಚೆನ್ನಾಗಿ ಕೇಳಿಸಿತು. ಆರಾಧನಾ ಮುಂದೆ ಬಂದಳು. ಅವಳ ಹೊಸ ಹಲ್ಲುಗಳು ಉಳಿದವಕ್ಕಿಂತ ಒಂದು ಛಾಯೆ ಬೆಳ್ಳಗಿದ್ದವು. ರುದ್ರಾಣಿ ನೋಡಬಾರದೆಂದುಕೊಂಡೇ ನೋಡಿದಳು. ‘ಆಂಟಿ, ಬೇಜಾರು ಮಾಡ್ಕೋಬೇಡಿ’ ಎಂದಳು ಹುಡುಗಿ. ‘ನೀವು ಇಳೀರಿ. ಆದ್ರೆ ನನ್ನ ಮುಂದೆ ಬೇಡ. ನನಗೆ ನಿಜವಾಗ್ಲೂ ಭಯ ಆಗತ್ತೆ.’ ನಾಟಿತು. ಆದರೆ ಈ ಬೆಟ್ಟದ ಮೇಲೆ ಭಯವನ್ನು ಭಯವೆಂದೇ ಕರೆದವಳು ಇವಳೊಬ್ಬಳೇ. ‘ಸರಿ ಆರಾಧನಾ’ ಎಂದಳು ರುದ್ರಾಣಿ. ‘ನನಗೂ ಹೋದ ವರ್ಷ ಭಯ ಆಗಿತ್ತು. ಕೋತೀನೂ ಬಂದಿತ್ತು. ನೀವೆಲ್ಲ ಮುಂದೆ ಹೋಗಿ.’ ಇಷ್ಟನ್ನು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಒಬ್ಬೊಬ್ಬರೇ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನಿಂತಳು. ಕೊನೆಗೆ ವಂಶಿಯೂ ಹೋದ. ಕಡೆಯ ಸವಾರನ ಹಿಂದೆ ವ್ಯಾನು ಬರಬೇಕೆಂಬುದು ಕ್ಲಬ್ಬಿನ ನಿಯಮ. ಕಡೆಯ ಸವಾರ ಈಗ ಅವಳು.

ಚಕ್ರ ಓಡತೊಡಗಿತು. ಮೊದಲ ತಿರುವಿಗೆ ಬಹಳ ಮೊದಲೇ ಬೆರಳು ಬಿಗಿಯಲು ಹವಣಿಸಿತು, ಅವಳು ಬಿಗಿಯಗೊಡಲಿಲ್ಲ. ಹತ್ತಿರ ಬಂದ ಮೇಲೆ ಗಟ್ಟಿಯಾಗಿ ಹಿಡಿದಳು, ಕಾರ್ಕು ಸದ್ದಿಲ್ಲದೆ ಒಪ್ಪಿಕೊಂಡಿತು, ತಿರುವು ದಾಟಿತು, ಬಿಟ್ಟಳು. ಬಿಟ್ಟ ಕೂಡಲೇ ಭಯ ಎದ್ದಿತು, ಅದು ಎಲ್ಲೂ ಹೋಗಿರಲಿಲ್ಲ, ಇದ್ದುಕೊಂಡಿರಲಿ ಎಂದಳು. ಗಾಳಿ ಕಿವಿಯಲ್ಲಿ ತುಂಬಿತು. ಹಿಡಿದಳು, ಬಿಟ್ಟಳು. ಸುಟ್ಟ ಕಾಯಿಚಿಪ್ಪಿನಂಥ ಸಣ್ಣ ವಾಸನೆ ಬಂತು, ಹೋಯಿತು. ಬಿಡುವುದು ಒಂದು ಸಲ ಬೆರಳಿಗೆ ಗೊತ್ತಾದ ಮೇಲೆ ಹಿಡಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಉಳಿಯಲಿಲ್ಲ, ಮತ್ತು ಆ ತಿರುವು, ಮಹಡಿ ಕೋಣೆಯಲ್ಲಿ ಸಾವಿರ ಸಲ ಇಳಿದಿದ್ದ ತಿರುವು, ಒಂದು ಸಾಮಾನ್ಯ ಬಂಡೆ, ಒಂದು ತಡೆಗೋಡೆ, ಸ್ವಲ್ಪ ಲಂಟಾನ ಪೊದೆಯಾಗಿ ಎದುರಿಗೆ ಬಂತು. ಕೋತಿ ಇರಲಿಲ್ಲ. ಅಡ್ಡ ಯಾರೂ ಇರಲಿಲ್ಲ. ನಿಲ್ಲಲು ಯಾವ ಕಾರಣವೂ ಇರಲಿಲ್ಲ, ಅವಳು ಎರಡೂ ಹಿಡಿಗಳನ್ನು ಒಂದೇ ಸಮನೆ ಅದುಮಿ, ರಸ್ತೆಯ ಅಂಚಿಗೆ, ತಡೆಗೋಡೆಯ ಪಕ್ಕಕ್ಕೆ ಬಂದು ನಿಂತಳು. ಸೈಕಲ್ಲು ಜಾರಲಿಲ್ಲ, ಕುಣಿಯಲಿಲ್ಲ. ಒಂದು ಕಾಲು ಊರಿ, ಬಗ್ಗಿ ರಿಮ್ಮನ್ನು ಮುಟ್ಟಿದಳು. ಬಿಸಿಯಿತ್ತು, ಬೆರಳು ತಾಳುವಷ್ಟು. ಬೆರಳಿಗೆ ಕಂದು ಪುಡಿ ಅಂಟಿತು, ಪ್ಯಾಡಿನದು. ಅಮ್ಮನದನ್ನು ಪೂರ್ತಿ ಒರೆಸಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ.

ಹಿಂದೆ ವ್ಯಾನು ಬಂದು ನಿಂತು ಹಾರನ್ ಹೊಡೆಯಿತು. ಮಾಯಣ್ಣ ಕಿಟಕಿಯಿಂದ ತಲೆ ಹಾಕಿದ. ‘ಏನಾಯ್ತು ಮೇಡಂ? ಬ್ರೇಕ್ ಹಿಡಿದ್ಬಿಟ್ರಾ? ಹತ್ತಿ, ಹತ್ತಿ, ಬಾಗಿಲು ತೆಗೀತೀನಿ.’

‘ಹಿಡಿದೆ’ ಎಂದಳು ರುದ್ರಾಣಿ. ‘ಏನೂ ಆಗಿಲ್ಲ. ಬೇಕು ಅನ್ನಿಸ್ತು, ನಿಂತಿದೀನಿ.’

ಅವನಿಗೆ ಅರ್ಥವಾಗಲಿಲ್ಲ, ಆಗಬೇಕೆಂದು ಅವಳೂ ಕಾಯಲಿಲ್ಲ. ಅವಳನ್ನು ದಾಟಿ ಹೋಗುವಂತಿಲ್ಲದ ಅವನು ಎಂಜಿನ್ ಆರಿಸಿ ಕೂತ. ಕೆಳಗೆ ಎಲ್ಲೋ ಕ್ಲಬ್ಬಿನವರು ಕೂಗಾಡುವುದು ಕೇಳಿಸುತ್ತಿತ್ತು, ಆಂಟಿ ಎಲ್ಲಿ ಎಂದೇ ಇರಬೇಕು. ಅವಳು ಬಾಟಲಿ ತೆಗೆದು ನೀರು ಕುಡಿದಳು, ಮುಚ್ಚಳ ಹಾಕಿದಳು, ಹೊರಡುವಾಗ ಸೀಟಿನ ಹಿಂದೆ ಅಮ್ಮ ಸಿಕ್ಕಿಸಿದ್ದ ಸೇವಂತಿಗೆ ಇನ್ನೂ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು, ಮಂಜು ಏಳುವುದನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಬ್ರೇಕ್ ಬಿಟ್ಟಳು.